ಹರಿಗೋಲಿನ ಚಾಕರಿ

ಎಷ್ಟು ತೊಳೆದರೂ ಕೈಬಿಟ್ಟು ಹೋಗದ ವಾಸನೆಗಳ ಪಟ್ಟಿಯೊಂದು ಅಡುಗೆಮನೆಯಲ್ಲಿ ಬಾಳಿದ ಪ್ರತಿಯೊಬ್ಬ ಹೆಂಗಸಿನ ಮನಸ್ಸಿನಲ್ಲೂ ಇರುತ್ತದೆ. ಬೆಳ್ಳುಳ್ಳಿಯದು ಒಂದು ಹೊತ್ತು ನಿಲ್ಲುತ್ತದೆ, ಇಂಗಿನದು ಒಂದು ದಿನ, ಚಿಮಣಿ ಎಣ್ಣೆಯದು ಎರಡು ದಿನ. ನನ್ನ ಪಟ್ಟಿಯ ತುದಿಯಲ್ಲಿ ಇರುವುದನ್ನು ಹೇಳಿದರೆ ನೀವು ಮೂಗು ಮುಚ್ಚಿಕೊಂಡೀರಿ: ನೀರಿನಲ್ಲಿ ಕೊಳೆತ ಎಮ್ಮೆಯ ತೊಗಲು. ಅದು ಹುಣಿಸೆಹಣ್ಣಿಗೂ ಬಗ್ಗುವುದಿಲ್ಲ, ಸೀಗೆಪುಡಿಗೂ ಬಗ್ಗುವುದಿಲ್ಲ. ಆ ವಾಸನೆ ಹೊತ್ತುಕೊಂಡೇ ನಾನು ರೊಟ್ಟಿ ಬಡಿದಿದ್ದೇನೆ, ಹೆಣ್ಣುಮಕ್ಕಳಿಗೆ ಕಾಗುಣಿತ ಕಲಿಸಿದ್ದೇನೆ. ಹೊಳೆಯ ಮೇಲೆ ತೇಲುವ ಸುಖದ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅವರ ಬೆಳುದಿಂಗಳಿಗೂ ತಂಗಾಳಿಗೂ ನನ್ನ ತಕರಾರಿಲ್ಲ. ಆದರೆ ಹರಿಗೋಲಿನ ಒಳಗೆ ಕೂತ ಹೊತ್ತಿಗಿಂತ ಹರಿಗೋಲಿನ ಕೆಳಗೆ ಕೂತ ಹೊತ್ತೇ ಹೆಚ್ಚಾದ ನನ್ನಂಥವಳು ಬರೆಯಬೇಕಾದದ್ದು ಬೇರೆಯೇ ಇದೆ.

ಆಗ ನಮ್ಮದು ನಿಜಾಮರ ಸೀಮೆ. ನನ್ನ ಗಂಡ ಹನುಮನಹಳ್ಳಿಯ ಸರಕಾರಿ ಶಾಲೆಯಲ್ಲಿ ಉರ್ದು ಕಲಿಸುವ ಮಾಸ್ತರರಾಗಿದ್ದರು. ಇಬ್ಬರೂ ಕುಕನೂರಿನ ಕಡೆಯ ಒಣಭೂಮಿಯಲ್ಲಿ ಹುಟ್ಟಿದವರು. ಕೊಡ ನೀರಿಗೆ ಬಾವಿಕಟ್ಟೆಯ ಮೇಲೆ ಸರದಿ ನಿಂತು ಬೆಳೆದವರು. ಮದುವೆಯಾಗಿ ಬಂದ ಹೊಸದರಲ್ಲಿ ತುಂಗಭದ್ರೆಯನ್ನು ಕಂಡಾಗ ನನಗೆ ಭಕ್ತಿ ಹುಟ್ಟಲಿಲ್ಲ, ಗಾಬರಿಯಾಯಿತು. ಇಷ್ಟು ನೀರು, ಯಾರ ಕಾವಲೂ ಇಲ್ಲದೆ ಹೀಗೆ ಹರಿದುಹೋಗುತ್ತಿದೆಯಲ್ಲ ಎಂದು ಹೊಟ್ಟೆಯುರಿಯಿತು.

ಹೊಳೆಯ ಆಚೆ ದಡ ಇಂಗ್ಲಿಷರ ಸೀಮೆ. ಅಲ್ಲಿಯ ಒಂದು ಊರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಕನ್ನಡ ಶಾಲೆ ತೆರೆದರು. ಕಲಿಸಲು ಹೆಣ್ಣುಮಗಳೇ ಬೇಕೆಂದು ಹುಡುಕುತ್ತಿದ್ದರು. ಗದಗಿನ ಸೋದರಮಾವನ ಮನೆಯಲ್ಲಿದ್ದು ಏಳನೆಯ ಇಯತ್ತೆಯವರೆಗೆ ಓದಿದ್ದ ನನ್ನ ಸುದ್ದಿ ಅವರಿಗೆ ಮುಟ್ಟಿತು. ದೀಪಾವಳಿಯಿಂದ ಯುಗಾದಿಯವರೆಗೆ ನೋಡುತ್ತೇವೆ, ಸರಿಬಂದರೆ ಕಾಯಂ ಮಾಡುತ್ತೇವೆ ಎಂದರು. ಆ ನೌಕರಿ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದು ಈಗ ಹೇಳಲೂ ನಾಚಿಕೆ. ಅಲ್ಲಿಯತನಕ ನಾನು ಯಾರದೋ ಮಗಳು, ಯಾರದೋ ಸೊಸೆ, ಮಾಸ್ತರರ ಮನೆಯಾಕೆ ಆಗಿದ್ದೆ. ಆಚೆ ದಡದಲ್ಲಿ ಕಾಲಿಟ್ಟ ಮೊದಲ ದಿನ ಒಂದು ಹುಡುಗಿ "ಅಕ್ಕೋರು ಬಂದ್ರು" ಎಂದು ಒಳಗೆ ಓಡಿದಳು. ಅಕ್ಕೋರು ಎಂದರೆ ನಾನು! ಆ ಒಂದು ಮಾತಿಗಾಗಿ ನಾನು ದಿನಾಲು ಹೊಳೆಯನ್ನು ಈಜಿ ದಾಟಲೂ ತಯಾರಿದ್ದೆ. ಈಜು ಬರುತ್ತಿರಲಿಲ್ಲ, ಅಷ್ಟೆ.

ದಾಟುವುದೇ ದೊಡ್ಡ ತೊಡಕು. ಜನರನ್ನು ದಾಟಿಸುವ ಕಡವು ಇದ್ದದ್ದು ಆನೆಗೊಂದಿಯ ಕಡೆ, ನಮ್ಮ ಮನೆಯಿಂದ ಬಹಳ ದೂರ. ಅಲ್ಲಿಯ ಹರಿಗೋಲು ಗಡಿಯಾರ ನೋಡಿ ಹೊರಡುವಂಥದ್ದಲ್ಲ, ತುಂಬಿದಾಗ ಹೊರಡುವಂಥದ್ದು. ಮೊದಲ ವಾರ ಎರಡು ಸಲ ಗಂಟೆ ಬಾರಿಸಿದ ಮೇಲೆ ಶಾಲೆ ಮುಟ್ಟಿದೆ. ಆಗ ನನ್ನ ಗಂಡ ನಮ್ಮದೇ ಒಂದು ಹರಿಗೋಲು ಇಟ್ಟುಕೊಳ್ಳೋಣ ಎಂದರು. ಕಡವಿನ ಅಂಬಿಗರ ಯಂಕಪ್ಪನ ಹತ್ತಿರ ಇಬ್ಬರು ಮೂವರು ಕೂರುವ ಹಳೆಯದೊಂದು ಇತ್ತು. ಬಿದಿರ ಸೀಳಿನಿಂದ ಹೆಣೆದ ದೊಡ್ಡ ಬುಟ್ಟಿ, ಹೊರಮೈಗೆ ಎಮ್ಮೆಯ ತೊಗಲು, ತೊಗಲಿಗೆ ತೊಗಲು ಕೂಡುವಲ್ಲಿ ಬಾರಿನ ಹೊಲಿಗೆ, ಹೊಲಿಗೆಯ ಮೇಲೆ ಔಡಲೆಣ್ಣೆಯಲ್ಲಿ ಕರಗಿಸಿದ ರಾಳದ ಲೇಪ: ಇಷ್ಟೇ ಅದರ ಸಂಸಾರ. ಯಂಕಪ್ಪ ಒಂದು ವಾರ ಹುಟ್ಟು ಹಾಕುವುದನ್ನು ಕಲಿಸಿದ. ನನ್ನ ಗಂಡ ಹುಟ್ಟು ಹಿಡಿದರೆ ಹರಿಗೋಲು ಬುಗುರಿಯಂತೆ ಇದ್ದಲ್ಲೇ ತಿರುಗುತ್ತಿತ್ತು, ನಾನು ಹಿಡಿದರೆ ಓರೆಯಾಗಿಯಾದರೂ ಆಚೆ ದಡ ಮುಟ್ಟುತ್ತಿತ್ತು. ಹೀಗೆ ನಮ್ಮ ಮನೆಯಲ್ಲಿ ಅಂಬಿಗತನ ನನ್ನ ಪಾಲಿಗೆ ಬಂತು.

"ಅಕ್ಕೋರ, ಇದರಾಗ ಕುಂಡ್ರೂದು ಅರ್ಧ ತಾಸು, ಇದರ ಚಾಕರಿ ಅರ್ಧ ದಿನ, ನೆಪ್ಪಿಡ್ರಿ" ಎಂದು ಹೋಗುವಾಗ ಯಂಕಪ್ಪ ಹೇಳಿದ್ದ. ಮಾತಿಗೆ ಹೇಳುತ್ತಾನೆ ಎಂದುಕೊಂಡೆ. ಮಾತಿಗೆ ಹೇಳಿದ್ದಲ್ಲ. ದಿನಾಲು ಸಂಜೆ ಅದನ್ನು ದಡಕ್ಕೆಳೆದು ಬೋರಲು ಹಾಕಬೇಕು. ಮೈಗೆ ಹತ್ತಿದ ಪಾಚಿಯನ್ನು ತೆಂಗಿನ ಚಿಪ್ಪಿನಿಂದ ಹೆರೆಯಬೇಕು. ವಾರಕ್ಕೊಮ್ಮೆ ಔಡಲೆಣ್ಣೆ ಉಣಿಸಬೇಕು. ಎಣ್ಣೆ ಉಣಿಸಿದ ರಾತ್ರಿ ಇಲಿಗಳು ಬಾರು ಕಡಿಯುತ್ತವೆ, ಇಲಿಗಳನ್ನು ಹಿಡಿಯಲು ಬೆಕ್ಕು ತಂದರೆ ಬೆಕ್ಕು ತಾನೇ ತೊಗಲಿಗೆ ಉಗುರು ಮಸೆಯುತ್ತದೆ. ಎಲ್ಲಕ್ಕಿಂತ ಬೇಡವಾದ ಕೆಲಸ ತೂತು ಹುಡುಕುವುದು. ಅದಕ್ಕೆ ನೆತ್ತಿಯ ಮೇಲೆ ಸೂರ್ಯ ಬಂದಾಗಲೇ ಬೋರಲು ಬಿದ್ದ ಹರಿಗೋಲಿನ ಕೆಳಗೆ ನುಸುಳಿ ಕೂರಬೇಕು. ಒಳಗೆ ಕತ್ತಲು, ಸೆಕೆ, ಹಸಿ ಎಣ್ಣೆಯ ಗಬ್ಬು. ಎಲ್ಲಿ ಬೆಳಕಿನ ಚುಕ್ಕಿ ಕಾಣುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಬೇಕು. ಬೆವರು ಕಣ್ಣಿಗಿಳಿದು, ಇರುವ ಚುಕ್ಕಿಯೂ ಇಲ್ಲದ ಚುಕ್ಕಿಯೂ ಒಂದೇ ಆಗಿ ಕಾಣುವ ಹೊತ್ತಿಗೆ ಹೊರಗೆ ನೆರಳಲ್ಲಿ ಕೂತ ನನ್ನ ಗಂಡ "ಎಷ್ಟಾದ್ವು?" ಎಂದು ಕೇಳುತ್ತಿದ್ದರು.

ಆದರೂ ಎರಡು ತಿಂಗಳು ಒಂದು ದಿನವೂ ತಡವಾಗಲಿಲ್ಲ. ಶಾಲೆಗೆ ಜಾಗ ಕೊಟ್ಟ ಆ ಊರಿನ ಹಿರಿಯರೊಬ್ಬರು ದಿನಾಲು ಬೆಳಿಗ್ಗೆ ಹೊಳೆಯ ಘಾಟಿನ ಮೆಟ್ಟಿಲ ಮೇಲೆ ಹಲ್ಲುಜ್ಜುತ್ತ ಕೂರುತ್ತಿದ್ದರು. ಅವರೇ ಶಾಲೆಯ ಪಂಚರಲ್ಲಿ ಮುಖ್ಯರು. ನಾನು ಇಳಿಯುವುದನ್ನು ನೋಡಿ, ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆಯಲ್ಲಿ ನನ್ನ ಯುಗಾದಿ ಇತ್ತು.

ಸಂಕ್ರಾಂತಿಯ ಹೊತ್ತಿಗೆ ಎರಡೂ ಶಾಲೆಗಳಿಗೆ ಸುಗ್ಗಿಯ ರಜೆ ಬಂತು. ಹನ್ನೆರಡು ದಿನ ಕುಕನೂರಿಗೆ ಹೋಗಿಬರುವುದೆಂದಾಯಿತು. ಅಷ್ಟು ದಿನ ಹರಿಗೋಲನ್ನು ಏನು ಮಾಡುವುದು? ಇಲ್ಲಿ ನಾವಿಬ್ಬರೂ ಸೇರಿ ಮಾಡಿದ ತಪ್ಪನ್ನು ಹೊಳೆದಂಡೆಯ ಮೂರು ವರ್ಷದ ಕೂಸು ಕೂಡ ಮಾಡುತ್ತಿರಲಿಲ್ಲ. ಅದು ಕಪಿಲೆ ಬಾವಿಯ ಸೀಮೆಯವರು ಮಾತ್ರ ಮಾಡಬಲ್ಲ ತಪ್ಪು. ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ತೊಗಲಿನ ಚೀಲವನ್ನು ನಮ್ಮ ಕಡೆ ಒಣಗಲು ಬಿಡುವುದಿಲ್ಲ. ಒಣಗಿದರೆ ಸೆಟೆದು ಬಿರಿಯುತ್ತದೆಂದು ಕೆಲಸವಿಲ್ಲದ ದಿನಗಳಲ್ಲಿ ಬಾವಿಯ ನೀರಿನಲ್ಲೇ ಇಳಿಬಿಟ್ಟಿರುತ್ತಾರೆ. ಚೀಲವನ್ನು ಬಿಸಿಲಲ್ಲಿ ಬಿಟ್ಟಿದ್ದಕ್ಕೆ ನನ್ನ ಗಂಡ ಚಿಕ್ಕಂದಿನಲ್ಲಿ ತಮ್ಮ ಅಜ್ಜನಿಂದ ಏಟು ತಿಂದಿದ್ದರಂತೆ. "ತೊಗಲು ಯಾವುದಾದರ ಏನು, ಧರ್ಮ ಒಂದ" ಎಂದರು. ನನಗೂ ಸರಿಯೆನಿಸಿತು. ಇಬ್ಬರೂ ಸೇರಿ ಹರಿಗೋಲಿಗೆ ಕಲ್ಲು ತುಂಬಿ, ದಡದ ಮಡುವಿನಲ್ಲಿ ಮೆಲ್ಲಗೆ ಮುಳುಗಿಸಿ, ಮಗುವನ್ನು ಮಲಗಿಸಿದಷ್ಟು ಸಮಾಧಾನದಿಂದ ಊರಿಗೆ ಹೋದೆವು.

ಬಂದು ನೋಡಿದರೆ ಮಡುವಿನ ಮೇಲೆ ನೊಣ. ಯಂಕಪ್ಪನನ್ನು ಕರೆಸಿ ಎತ್ತಿಸಿದೆವು. ಬಾವಿಯ ಚೀಲದ ತೊಗಲು ಚೆನ್ನಾಗಿ ಹದ ಮಾಡಿದ್ದು, ಹರಿಗೋಲಿನದು ಅರೆಹದದ್ದು. ಅದು ನೀರುಂಡು ಬಾತು, ಲೋಳೆ ಲೋಳೆಯಾಗಿ, ಒತ್ತಿದಲ್ಲಿ ಬೆರಳೇ ಒಳಗೆ ಹೋಗುತ್ತಿತ್ತು. ಹೊಲಿಗೆಯ ಬಾರುಗಳನ್ನು ಮೀನು ತಿಂದಿದ್ದವು. ಯಂಕಪ್ಪ ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಕೇಳಿದ: "ಅಲ್ರಿ ಮಾಸ್ತರ, ಹರಗೋಲ ಇಟ್ಟಿದ್ರೋ, ಉಪ್ಪಿನಕಾಯಿ ಹಾಕಿದ್ರೋ?"

ನಗುವ ಹೊತ್ತಾಗಿರಲಿಲ್ಲ. ಮತ್ತೆ ಕಡವಿನ ದಾರಿ ಹಿಡಿದೆ. ರಜೆ ಮುಗಿದ ಮೊದಲ ವಾರದಲ್ಲೇ ಮೂರು ದಿನ ತಡವಾಯಿತು. ಮೂರನೆಯ ದಿನ ಘಾಟಿನ ಹಿರಿಯರು ಕಡ್ಡಿ ತೆಗೆದು ಮಾತಾಡಿದರು. "ಅಕ್ಕೋರ, ಹುಡಿಗ್ಯಾರು ಬಂದು ಕುಂತಿರತಾವ, ಕಲಿಸವ್ರು ಇರಂಗಿಲ್ಲ. ಇನ್ನೊಂದು ಸಲ ಹಿಂಗಾದ್ರ ನಾವು ಬ್ಯಾರೆ ಯಾರನ್ನರ ನೋಡಬೇಕಾಗತೈತಿ." ಆ ದಿನ ಹಿಂದಿರುಗುವ ದಾರಿಯುದ್ದಕ್ಕೂ ಅಳು ಬಂತು. ಅತ್ತದ್ದು ಸಾಕೆನಿಸಿದಾಗ ನೆಟ್ಟಗೆ ಊರ ಹೊರಗಿನ ಸಮಗಾರರ ಕೇರಿಗೆ ಹೋದೆ.

ಸುಗ್ಗಿಯ ಕಾಲ, ಗಂಡಸರೆಲ್ಲ ರೈತರ ಚಪ್ಪಲಿ, ಬಾರುಕೋಲು, ಕಪಿಲೆಯ ಚೀಲ ಎಂದು ಊರೂರು ತಿರುಗುತ್ತಿದ್ದರು. ಕೇರಿಯಲ್ಲಿ ತೊಗಲ ಹೊಲಿಗೆ ಬಲ್ಲವರೆಂದು ಉಳಿದಿದ್ದವಳು ಹುಲಿಗೆವ್ವ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ಅವನ ದಬ್ಬಳವನ್ನು ತಾನು ಹಿಡಿದವಳು. ಆ ದಂಡೆಯ ಹರಿಗೋಲುಗಳಲ್ಲಿ ಹೆಚ್ಚಿನವು ಅವಳ ಕೈಯ ಹೊಲಿಗೆಯವೇ. ತೊಗಲು ತನ್ನಲ್ಲಿದೆ ಎಂದಳು. "ಆದ್ರ ನನ್ನ ಬೆರಳು ಸೊಟ್ಟ ಆಗ್ಯಾವ್ರಿ. ಹೊಲಿಗಿ ಹಾಕತೀನಿ. ಹೆರಿಯವ್ರು, ಜಗ್ಗಿ ಹಿಡಿಯವ್ರು ಯಾರರ ಬೇಕು." ನನ್ನ ಗಂಡ ಹಿಡಿಯಲು ಬಂದರು, ಹಿಡಿದರು, ಮರದ ಮರೆಗೆ ಹೋಗಿ ವಾಂತಿ ಮಾಡಿಕೊಂಡರು. ಉರ್ದುವಿನಲ್ಲಿ ಏನೋ ಅಂದುಕೊಂಡು ನೀರು ತರುವ ಕೆಲಸಕ್ಕೆ ತಮ್ಮನ್ನು ತಾವೇ ನೇಮಿಸಿಕೊಂಡರು. ಉಳಿದವಳು ನಾನು.

ಹೀಗೆ ಲಿಂಗ ಕಟ್ಟಿಕೊಂಡ ಮನೆತನದ ಸೊಸೆ, ಆಚೆ ಸೀಮೆಯ ಅಕ್ಕೋರು, ಸೆರಗು ಬಿಗಿದು ಹೊಳೆದಂಡೆಯಲ್ಲಿ ಎಮ್ಮೆಯ ತೊಗಲ ಮುಂದೆ ಕೂತಳು. ಮೊದಲು ಹಳೆಯದನ್ನು ಬಿದಿರಿನಿಂದ ಬಿಡಿಸಬೇಕು. ಅದು ತುಂಡುತುಂಡಾಗಿ ಕೈಯಲ್ಲೇ ಬರುತ್ತಿತ್ತು. ಆಮೇಲೆ ಹೊಸ ತೊಗಲಿಗೆ ಸುಣ್ಣ ಹಚ್ಚಿ, ಕೂದಲು ಹೆರೆದು, ಒಳಮೈಗೆ ಅಂಟಿದ ಕೊಬ್ಬನ್ನು ಮೊಂಡುಗತ್ತಿಯಿಂದ ಕೆರೆದು, ಮತ್ತೆ ಮತ್ತೆ ತೊಳೆಯಬೇಕು. ಸುಣ್ಣಕ್ಕೆ ನನ್ನ ಅಂಗೈ ಬಿರಿಯಿತು. ಬೆಳಿಗ್ಗೆ ಶಾಲೆಯಲ್ಲಿ ಬಳಪ ಹಿಡಿದರೆ ಉರಿ, ಸಂಜೆ ಇಲ್ಲಿ ಕತ್ತಿ ಹಿಡಿದರೆ ಉರಿ. ಕಡವು ತಪ್ಪಬಾರದೆಂದು ನಸುಕಿನಲ್ಲೇ ನಡೆದುಹೋಗುತ್ತಿದ್ದೆ. ನಾವಿದ್ದ ಮನೆಯ ಯಜಮಾನಿ, ಹೊಳೆಯಲ್ಲಿ ತಲೆಯ ಮೇಲೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟಕೂಡದೆಂದು ಹೇಳಿಬಿಟ್ಟಿದ್ದಳು. ಮಾಘದ ಚಳಿಯಲ್ಲಿ ಒದ್ದೆ ಸೀರೆಯಲ್ಲಿ ನಡುಗುತ್ತ ಮನೆಗೆ ಬರುತ್ತಿದ್ದೆ. ನನ್ನ ಕೈಯ ರೊಟ್ಟಿಯನ್ನು ನನ್ನ ಗಂಡ ಮಾತಿಲ್ಲದೆ ಉಂಡರು. ಅವರ ಬಗ್ಗೆ ಇಷ್ಟೊಂದು ಆಡಿಕೊಂಡ ಮೇಲೆ ಇದನ್ನೂ ಹೇಳುವುದು ನ್ಯಾಯ.

"ಮೂಗು ಬಿಟ್ಟು ಬಾಯಿಲೆ ಉಸರಾಡ್ರಿ ಅಕ್ಕೋರ, ಎರಡು ದಿನಕ್ಕ ಮೂಗಿಗೆ ಬುದ್ಧಿ ಬರತೈತಿ" ಎಂದಿದ್ದಳು ಹುಲಿಗೆವ್ವ. ಮೂರನೆಯ ದಿನಕ್ಕೆ ನಿಜವಾಗಿಯೂ ಬುದ್ಧಿ ಬಂತು. ಆಮೇಲೆ ನನ್ನ ಕಣ್ಣು ಕೆಲಸದ ಮೇಲೆ ಹೋಯಿತು. ನಾನು ತೊಗಲನ್ನು ಬಿದಿರಿನ ಅಂಚಿಗೆ ಜಗ್ಗಿ ಹಿಡಿದರೆ ಅವಳು ಸೊಟ್ಟ ಬೆರಳುಗಳಲ್ಲಿ ದಬ್ಬಳ ಚುಚ್ಚಿ, ಬಾರು ಎಳೆದು, ಹಲ್ಲಿನಲ್ಲಿ ಕಚ್ಚಿ ಬಿಗಿಯುವಳು. ಪ್ರತಿ ಗೇಣಿಗೊಮ್ಮೆ ಕಣ್ಣು ಮುಚ್ಚಿ ಹೊಲಿಗೆಯ ಮೇಲೆ ಬೆರಳಾಡಿಸುವಳು. "ಹೊಲಿಗಿ ಕಣ್ಣಿಗೆ ಕಂಡ್ರ ಏನ್ಬಂತ್ರಿ, ಬೆರಳಿಗೆ ತಿಳೀಬೇಕು" ಎನ್ನುವಳು. ನನಗಿಂತ ನಲವತ್ತು ವರ್ಷಕ್ಕೆ ದೊಡ್ಡವಳು ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದಳು, ನಾನು ಅವಳನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಆಗ ಅದು ನನಗೆ ಕಾಣಲೂ ಇಲ್ಲ.

ಕೆಲಸ ಮುಗಿದ ಗುರುವಾರ ಸಂಜೆ, ನಿನಗೇನು ಕೊಡಲಿ ಎಂದು ಕೇಳಿದೆ. ಅವಳು ರಾಳದ ಕುಡಿಕೆಯನ್ನು ಬಂಡೆಯ ಸಂದಿಯಲ್ಲಿಡುತ್ತ ಹೇಳಿದಳು: "ಜ್ವಾಳ ಬ್ಯಾಡ್ರಿ, ಸೀರಿ ಬ್ಯಾಡ್ರಿ. ನನ್ನ ಮಗಳನ್ನ ಆಚಿ ದಂಡಿಗೆ ಕೊಟ್ಟೀನಿ. ಸೋಮಾರ ಮೊಮ್ಮಗನ್ನ ತೊಟ್ಟಲಕ್ಕ ಹಾಕತಾರ. ಈ ಹರಗೋಲದಾಗ ಕುಂತು ಹೋಗಬೇಕಂತ ಆಸೆ ಐತ್ರಿ. ಎಷ್ಟು ಹರಗೋಲ ಹೊಲದೀನಿ, ಒಂದರಾಗೂ ಕುಂತಿಲ್ಲ ನೋಡ್ರಿ." ಕಡವಿನಲ್ಲಿ ಅವಳ ಕೇರಿಯವರ ಸರದಿ ಉಳಿದೆಲ್ಲರದೂ ಮುಗಿದ ಮೇಲೆ; ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾದು ಕಾದು ಬೇಸತ್ತವರು ಹೊಳೆಯ ಮೇಲುಗಡೆ ಆಳ ಕಡಿಮೆಯಾದಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು, ಎದೆಮಟ್ಟ ನೀರಲ್ಲಿ ದಾಟಿಕೊಳ್ಳುತ್ತಿದ್ದರು. "ಅಷ್ಟೇನ? ಸೋಮಾರ ಮುಂಜಾನೆ ಬಾ. ನನ್ನ ಜೋಡಿನ ಕುಂಡ್ರು" ಎಂದೆ. ಹೇಳಿದಾಗ ಮನಸ್ಸಿನಿಂದಲೇ ಹೇಳಿದೆ.

ಶುಕ್ರವಾರ ಹೊಸ ಹರಿಗೋಲು ಒಂದು ಹನಿ ನೀರು ಒಳಗೆ ಬಿಡದೆ ನನ್ನನ್ನು ದಾಟಿಸಿತು. ಶನಿವಾರ ಘಾಟಿನ ಹಿರಿಯರು ನನ್ನನ್ನು ನಿಲ್ಲಿಸಿದರು. "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನೀವು ಸ್ವತಾ ತೊಗಲು ಹೆರದೀರಿ ಅಂತ ಮಂದಿ ಮಾತಾಡತಾರ. ಖರೇನ?" ನನ್ನ ಬಿರಿದ ಕೈಗಳು ತಮ್ಮಷ್ಟಕ್ಕೆ ತಾವೇ ಸೆರಗಿನ ಒಳಗೆ ಹೋದವು. "ಇಲ್ರಿ, ಹೇಳಿ ಮಾಡಿಸಿದ್ವಿ" ಎಂದೆ.

"ಮಾಡಿಸಿದ್ರ ಅದು ಬ್ಯಾರೆ ಮಾತು," ಅವರು ಸಮಾಧಾನದಿಂದ ಹೇಳಿದರು. ಕೆಟ್ಟವರಲ್ಲ, ಹೆಣ್ಣುಮಕ್ಕಳು ಓದಬೇಕೆಂದು ಸ್ವಂತ ಜಾಗ ಬಿಟ್ಟುಕೊಟ್ಟವರು. "ಈ ಘಾಟಿನಾಗ ನೂರು ಕಣ್ಣು ಅದಾವ. ಯಾರ ಜೋಡಿ ಕುಂತು ಬರತೀರಿ, ಅದನ್ನೂ ನೋಡತಾವ. ಹಡದವ್ರು ಮಕ್ಕಳನ್ನ ಬಿಡಿಸಿದ್ರ ಸಾಲಿ ಎಲ್ಲಿ, ನೀವೆಲ್ಲಿ? ಯುಗಾದಿ ಇನ್ನ ಎಷ್ಟು ದೂರ ಐತಿ ಹೇಳ್ರಿ." ನಾನು ತಲೆಯಾಡಿಸಿದೆ. ಈ ಸಲ ತಲೆಯಾಡಿಸಿದವಳು ನಾನು.

ಸೋಮವಾರ ಬೆಳಿಗ್ಗೆ ನಾನು ದಡಕ್ಕೆ ಹೋಗುವುದಕ್ಕಿಂತ ಮೊದಲೇ ಹುಲಿಗೆವ್ವ ಬಂದು ನಿಂತಿದ್ದಳು. ತಲೆಗೆ ಎಣ್ಣೆ, ಮಡಿಕೆಯ ಗೆರೆ ಇನ್ನೂ ಮಾಸದ ಸೀರೆ, ಕೈಯಲ್ಲಿ ಒಂದು ಗಂಟು. ಗಂಟಿನ ಬಾಯಿಂದ ಕೂಸಿನ ಕುಂಚಿಗೆಯ ಕೆಂಪು ಅಂಚು ಕಾಣುತ್ತಿತ್ತು. ಹೊಳೆಯ ಆಚೆ ಘಾಟಿನ ಮೇಲೆ ಹಿರಿಯರ ಬಿಳಿಯ ರುಮಾಲು ಕೂತದ್ದೂ ಕಾಣುತ್ತಿತ್ತು. ರಾತ್ರಿಯೆಲ್ಲ ಹತ್ತು ನೆಪ ಯೋಚಿಸಿದ್ದೆ. ಮೈ ಸರಿಯಿಲ್ಲ ಅನ್ನಬಹುದಿತ್ತು, ಗಂಡ ಬರುತ್ತಾರೆ ಅನ್ನಬಹುದಿತ್ತು. ಇದ್ದುದನ್ನೇ ಹೇಳಿಬಿಡಬಹುದಿತ್ತು, ಅವಳಿಗೆ ಅದೇನು ಹೊಸ ಸುದ್ದಿಯಾಗುತ್ತಿರಲಿಲ್ಲ. ಬಾಯಿಂದ ಬಂದದ್ದು ಇದು:

"ಹುಲಿಗೆವ್ವ, ಹೊಲಿಗಿ ಸೋರಾಕತ್ತೈತಿ. ಇಬ್ಬರ ಭಾರ ತಡಿಯಂಗಿಲ್ಲ. ಇವತ್ತ ಬ್ಯಾಡ."

ಆ ಹೊಲಿಗೆ ಹಾಕಿದವಳಿಗೆ ಹೇಳಿದೆ. ಲೋಕದಲ್ಲಿ ಇನ್ಯಾರಿಗೆ ಹೇಳಿದ್ದರೂ ಆ ಸುಳ್ಳು ನಡೆಯುತ್ತಿತ್ತು.

ಅವಳು ಗಂಟನ್ನು ಬಂಡೆಯ ಮೇಲಿಟ್ಟಳು. ಹರಿಗೋಲಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಒಳಗೆ ಕೈ ಚಾಚಿ, ಕಣ್ಣು ಮುಚ್ಚಿ, ಹೊಲಿಗೆಯ ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಬೆರಳಾಡಿಸಿದಳು. ಕೈ ಹೊರತೆಗೆದು ಬೆರಳ ತುದಿ ನೋಡಿಕೊಂಡಳು. ನಾನೂ ನೋಡಿದೆ. ಒಣಗಿತ್ತು.

"ಹೌದ್ರಿ ಅಕ್ಕೋರ," ಎಂದಳು, "ಸೋರಾಕತ್ತೈತಿ."

ಬಂಡೆಯ ಸಂದಿಯಿಂದ ರಾಳದ ಕುಡಿಕೆ ತೆಗೆದಳು. ನಾಲ್ಕು ಪುಳ್ಳೆ ಆರಿಸಿ, ಮಡಿಲಿನ ಸಂಚಿಯಿಂದ ಚಕಮಕಿ ತೆಗೆದು ಬೆಂಕಿ ಮಾಡಿದಳು. ರಾಳ ಮೆದುವಾದ ಮೇಲೆ, ಎಲ್ಲೂ ಸೋರದ ಆ ಹೊಲಿಗೆಯ ಮೇಲೆ ಹೊಸದಾಗಿ ಲೇಪ ಹಾಕತೊಡಗಿದಳು. ಅವಸರದ ಕೈಯಲ್ಲ, ಮೊದಲ ಸಲ ಹಾಕಿದಷ್ಟೇ ಅಚ್ಚುಕಟ್ಟಾಗಿ, ನಾನು ಕೂರುವ ಕಡೆ ಸೀರೆಗೆ ಹತ್ತದಂತೆ ಅಂಚು ಒರೆಸಿ ಹಾಕಿದಳು. ನಾನು ನಿಂತು ನೋಡಿದೆ. ಬೇಡ ಎನ್ನಲು ಅಷ್ಟು ಹೊತ್ತಿತ್ತು, ಅನ್ನಲಿಲ್ಲ.

"ಈಗ ಸೋರಂಗಿಲ್ರಿ. ಕುಂಡ್ರಿ, ಹೊತ್ತಾಗತೈತಿ" ಎಂದಳು. ಮೊಣಕಾಲ ನೀರಿಗಿಳಿದು ತಾನೇ ಹರಿಗೋಲನ್ನು ನೂಕಿಕೊಟ್ಟಳು. ಒಗೆದುಟ್ಟ ಸೀರೆ ನೆನೆಯಿತು.

ನಡುಹೊಳೆಯಲ್ಲಿ ಒಮ್ಮೆ ಹಿಂದಿರುಗಿ ನೋಡಿದೆ. ಅವಳು ಗಂಟನ್ನು ತಲೆಯ ಮೇಲಿಟ್ಟುಕೊಂಡು ಮೇಲುಗಡೆಯ ಬಂಡೆಗಳತ್ತ ನಡೆಯುತ್ತಿದ್ದಳು. ಆಚೆ ದಡ ಮುಟ್ಟಿದಾಗ ಘಾಟಿನ ಮೇಲೆ ಹಿರಿಯರು ನನ್ನ ಪಕ್ಕದ ತೆರವಾದ ಜಾಗವನ್ನು ನೋಡಿ, ಬೇವಿನ ಕಡ್ಡಿ ತೆಗೆದು, ಮೊದಲ ಸಲ ನನಗೆ ಕೈಮುಗಿದರು. ನಾನು ಶಾಲೆ ಮುಟ್ಟಿದಾಗ ಗಂಟೆ ಇನ್ನೂ ಬಾರಿಸಿರಲಿಲ್ಲ.

ಯುಗಾದಿಗೆ ನನ್ನ ನೌಕರಿ ಕಾಯಂ ಆಯಿತು.